ಶುಗರ್ 'ಬಾರ್ಡರ್‌ನಲ್ಲಿದೆ' ಅಂದರೆ ಏನು? ಆಮೇಲೆ ದಿನಚರಿಯಲ್ಲಿ ಬದಲಾಗಬೇಕಾದ್ದೇನು?

ಬೆಳಗ್ಗೆ ಹತ್ತರ ಹೊತ್ತು. ಮಾಲೂರು ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಮ್ಮನ ಮನೆ ಜಗಲಿ ಮೇಲೆ ಆಶಾ ಕಾರ್ಯಕರ್ತೆಯೂ ಪಿಎಚ್‌ಸಿಯ ಸಿಸ್ಟರೂ ಬಂದು ಕೂತಿದ್ದರು. ದೊಡ್ಡಮ್ಮ ಬೂಸಾ ಕಲಸುತ್ತಿದ್ದ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ತೋಳಿಗೆ ಪಟ್ಟಿ ಸುತ್ತಿದರು, ಬೆರಳ ತುದಿ ಚುಚ್ಚಿದರು, ಹನಿ ರಕ್ತವನ್ನು ಸ್ಟ್ರಿಪ್‌ಗೆ ಮುಟ್ಟಿಸಿದರು. "ಬಿಪಿ 136–88. ಶುಗರ್ 162. ಎರಡೂ ಬಾರ್ಡರ್‌ನಲ್ಲಿದೆ ಅಮ್ಮಾ. ನಾಳೆ ಏನೂ ತಿನ್ನದೆ ಆಸ್ಪತ್ರೆ ಹತ್ರ ಬನ್ನಿ" ಅಂದರು ಸಿಸ್ಟರ್. ಅವರು ಪಕ್ಕದ ಮನೆಗೆ ಹೋದ ಮೇಲೆ ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು: "ಬಾರ್ಡರ್ ಅಂದ್ರೆ ಬಂದಂಗಾ, ಬರ್ದಂಗಾ?"

ಈ ಪ್ರಶ್ನೆ ಈಗ ನಮ್ಮ ಕಡೆ ಬಹಳ ಮನೆಗಳಲ್ಲಿ ಎದ್ದಿದೆ. ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಶುರುವಾಗಿದ್ದು ಕೋಲಾರ ಜಿಲ್ಲೆಯಲ್ಲೇ. 30 ವರ್ಷ ದಾಟಿದವರ ಬಿಪಿ, ಶುಗರ್ ಮುಂತಾದವನ್ನು ಮನೆ ಬಾಗಿಲಿಗೇ ಬಂದು ನೋಡುತ್ತಾರೆ. ಆಸ್ಪತ್ರೆ ಮೆಟ್ಟಿಲು ಹತ್ತದವರ ಕೈಗೂ ಒಂದು ಅಂಕಿ ಬಂತು. ಆ ಅಂಕಿಯ ಜೊತೆಗೆ "ಊಟ ನೋಡ್ಕೊಳ್ಳಿ, ವಾಕಿಂಗ್ ಮಾಡಿ" ಅನ್ನುವ ಮಾತೂ ಬಂತು. ಯಾಕೆ, ಎಷ್ಟು, ಹೇಗೆ ಅನ್ನುವುದನ್ನು ಬಿಡಿಸಿ ಹೇಳುವಷ್ಟು ಸಮಯ ಹತ್ತಾರು ಮನೆ ತಿರುಗುವ ಆ ಸಿಸ್ಟರ್‌ಗೆ ಎಲ್ಲಿಂದ ಬರಬೇಕು? ಆ ಉಳಿದ ಮಾತು ಇಲ್ಲಿದೆ.

ಯಾವುದರ ಬಾರ್ಡರ್?

ಮೊದಲು ಬಿಪಿ, ಅಂದರೆ ರಕ್ತದೊತ್ತಡ. ಡ್ರಿಪ್ ಪೈಪನ್ನು ನೆನೆಸಿಕೊಳ್ಳಿ. ಮೋಟರ್ ಓಡುವಾಗ ನೀರು ಪೈಪಿನ ಗೋಡೆಯನ್ನು ಒತ್ತುತ್ತದಲ್ಲ, ರಕ್ತನಾಳದ ಗೋಡೆಯ ಮೇಲೆ ರಕ್ತ ಹಾಕುವ ಒತ್ತಡವೂ ಹಾಗೇ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ. ಎರಡು ಬಡಿತದ ನಡುವೆ ಹೃದಯ ಸಡಿಲವಾದಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. 120–80ರ ಒಳಗಿದ್ದರೆ ಸರಿ. ಮೇಲಿನದು 140, ಇಲ್ಲವೇ ಕೆಳಗಿನದು 90 ಮುಟ್ಟಿ, ಬೇರೆ ಬೇರೆ ದಿನ ಅಳೆದಾಗಲೂ ಹಾಗೇ ಇದ್ದರೆ ಬಿಪಿ ಇದೆ ಎಂದು ಲೆಕ್ಕ. ನಡುವಿನದು ಬಾರ್ಡರ್. ಒತ್ತಡ ಹೆಚ್ಚಾದ ಪೈಪು ಅವತ್ತೇ ಒಡೆಯುವುದಿಲ್ಲ. ವರ್ಷಗಟ್ಟಲೆ ಸವೆಯುತ್ತದೆ. ಮಿದುಳು, ಮೂತ್ರಪಿಂಡ, ಕಣ್ಣುಗಳ ಸಣ್ಣ ನಾಳಗಳಿಗೂ ಅದೇ ಗತಿ, ಅದೂ ನೋವಿಲ್ಲದೆ. "ನಂಗೇನೂ ಆಗ್ತಿಲ್ಲ" ಅನ್ನುವುದರಿಂದ ಬಿಪಿ ಇಲ್ಲ ಎಂದಾಗುವುದಿಲ್ಲ.

ಇನ್ನು ಶುಗರ್. ಸೀಸನ್‌ನಲ್ಲಿ ಕೋಲಾರದ ಟೊಮೆಟೊ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಳ್ಳಿಗಳಿಂದ ಕ್ರೇಟು ತುಂಬಿದ ಗಾಡಿಗಳು ಬರುತ್ತವೆ. ಗೇಟು ತೆರೆದಿದ್ದು, ಒಳಗೆ ಜಾಗವಿದ್ದರೆ ಸರಸರನೆ ಒಳಗೆ ಹೋಗಿ ಇಳಿಸುತ್ತವೆ. ಗೇಟು ಬಿಗಿಯಾದರೆ, ಜಾಗ ತುಂಬಿಹೋದರೆ ಗಾಡಿಗಳು ರಸ್ತೆಯಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ರಕ್ತವೇ ರಸ್ತೆ, ಗ್ಲೂಕೋಸೇ ಲೋಡು, ನಮ್ಮ ಸ್ನಾಯುಗಳೇ ದೊಡ್ಡ ಮಂಡಿ. ಗೇಟು ತೆರೆಯುವ ಕೆಲಸ ಇನ್ಸುಲಿನ್ ಎಂಬ ಹಾರ್ಮೋನಿನದು. ಹೊಟ್ಟೆಯ ಸುತ್ತ ಕೊಬ್ಬು ಸೇರಿದಂತೆ, ಮೈ ಅಲುಗಾಡುವುದು ಕಮ್ಮಿಯಾದಂತೆ ಇನ್ಸುಲಿನ್ ಎಷ್ಟು ತಟ್ಟಿದರೂ ಗೇಟು ಅರ್ಧವಷ್ಟೇ ತೆರೆದುಕೊಳ್ಳುತ್ತದೆ. ಗ್ಲೂಕೋಸ್ ರಸ್ತೆಯಲ್ಲೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಅಂಕಿ ಏರುವುದು ಅದಕ್ಕೇ.

ಖಾಲಿ ಹೊಟ್ಟೆಯಲ್ಲಿ ಅಳೆದಾಗ 100ರೊಳಗಿದ್ದರೆ ಸರಿ. 100ರಿಂದ 125 ಬಾರ್ಡರ್. 126 ಅಥವಾ ಹೆಚ್ಚು ಬಂದು, ಮತ್ತೊಮ್ಮೆ ಅಳೆದಾಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ. ಮೊದಲ ದಿನದ 162 ಖಾಲಿ ಹೊಟ್ಟೆಯದ್ದಲ್ಲ, ಅದನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ದೊಡ್ಡಮ್ಮನಿಗೆ ಬಂದದ್ದು 112. ಅವಳ ಪ್ರಶ್ನೆಗೆ ಉತ್ತರ ಇಷ್ಟು: ಇನ್ನೂ ಬಂದಿಲ್ಲ, ಆದರೆ ಗಾಡಿಗಳು ಸಾಲು ನಿಲ್ಲಲು ಶುರುವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 'ಇಂಡಿಯಾಬ್' ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಾರ್ಡರ್‌ನಲ್ಲಿರುವವರು ಅವರಿಗಿಂತ ಹೆಚ್ಚು, 13.6 ಕೋಟಿ. ಇವರೆಲ್ಲ ಆ ಕಡೆಗೇ ದಾಟಬೇಕೆಂದೇನೂ ಇಲ್ಲ. ಚೆನ್ನೈನ ವೈದ್ಯರು ಬಾರ್ಡರ್‌ನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದ್ದ ಹಾಗೇ ಇದ್ದವರಲ್ಲಿ 100ಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ಚುರುಕಾಗಿ ನಡೆದು, ಸಕ್ಕರೆ, ಮೈದಾ, ಎಣ್ಣೆ ಕಮ್ಮಿ ಮಾಡಿದವರಲ್ಲಿ 39 ಜನರಿಗೆ ಬಂತು. ಇವರ ತೂಕವೇನೂ ದೊಡ್ಡದಾಗಿ ಇಳಿದಿರಲಿಲ್ಲ ಅನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎರಡು ತಿಂಗಳು ನಡೆದು, ತೂಕ ಇಳಿಯಲಿಲ್ಲ ಎಂದು ಬೇಸರಪಟ್ಟು ಬಿಟ್ಟವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ತಕ್ಕಡಿ ಅಲುಗದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಅಭ್ಯಾಸ ಮಿದುಳಿನಲ್ಲಿ ಹೇಗೆ ಕೂರುತ್ತದೆ

ಏನು ಮಾಡಬೇಕು ಅನ್ನುವುದು ಎಲ್ಲರಿಗೂ ಹೆಚ್ಚು ಕಮ್ಮಿ ಗೊತ್ತು. ಕಷ್ಟವಿರುವುದು ನಾಳೆಯೂ ಮಾಡುವುದರಲ್ಲಿ. ಅದಕ್ಕೆ ಅಭ್ಯಾಸ ಅಂದರೇನು ಎಂದು ತಿಳಿಯಬೇಕು.

ಮೊದಲ ಸಲ ಹಾಲು ಕರೆಯಲು ಕೂತವರನ್ನು ನೋಡಿ. ಕಣ್ಣು, ಮನಸ್ಸು ಎಲ್ಲ ಬೆರಳಲ್ಲೇ ಇರುತ್ತದೆ. ಹಸು ಬಾಲ ಬೀಸಿದರೆ ಲಯ ತಪ್ಪುತ್ತದೆ. ಆರು ತಿಂಗಳ ಮೇಲೆ ಅದೇ ಮನುಷ್ಯ ಪಕ್ಕದವರ ಜೊತೆ ಮಳೆ ವಿಚಾರ ಮಾತಾಡುತ್ತಲೇ ಬಕೆಟ್ ತುಂಬಿಸುತ್ತಾನೆ. ಶುರುವಿನಲ್ಲಿ ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗ ಆ ಕೆಲಸ ನಡೆಸುತ್ತಿತ್ತು. ಮತ್ತೆ ಮತ್ತೆ ಮಾಡಿದ ಮೇಲೆ ಒಳಗಿನ 'ಬೇಸಲ್ ಗ್ಯಾಂಗ್ಲಿಯಾ' ಎಂಬ ಭಾಗ ಅದನ್ನು ವಹಿಸಿಕೊಂಡಿತು. ಒಮ್ಮೆ ಅಲ್ಲಿಗೆ ಹೋದ ಕೆಲಸಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿಲ್ಲ. ಹಾಲು ಕರೆಯಲು ದಿನಾ ಯಾರೂ ಸಂಕಲ್ಪ ಮಾಡುವುದಿಲ್ಲ. ಹೊತ್ತಾಯಿತು, ಕರು ಕೂಗಿತು, ಕೈ ತಾನಾಗಿ ಬಕೆಟ್ ಹುಡುಕುತ್ತದೆ.

ಇಲ್ಲಿ ಕರುವಿನ ಕೂಗೇ ಸೂಚನೆ. ಅಭ್ಯಾಸಕ್ಕೆ ಬೇಕಾದದ್ದು ಇದೇ: ತಪ್ಪದೆ ಬರುವ ಒಂದು ಸೂಚನೆ, ಅದರ ಬೆನ್ನಿಗೇ ಅದೇ ಕೆಲಸ, ಅದೇ ಜಾಗ.

ಎಷ್ಟು ದಿನ ಬೇಕು? "21 ದಿನ ಮಾಡಿದರೆ ಸಾಕು" ಎಂದು ಎಲ್ಲರೂ ಹೇಳುತ್ತಾರೆ. ಅದರ ಮೂಲ 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕನಿಷ್ಠ' ಬಿದ್ದುಹೋಯಿತು. ಲಂಡನ್ನಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವಂತಾಗಲು ಸರಿಸುಮಾರು ನಡುವಿನ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನದಲ್ಲೇ ಆಯಿತು, ಕೆಲವರಿಗೆ ಎಂಟು ತಿಂಗಳಾದರೂ ಬೇಕಾಗಬಹುದು ಎಂದು ಲೆಕ್ಕ ಹೇಳಿತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ನಿಧಾನವಾಗಿ ಕೂತಿತು. ಹಾಗಾಗಿ 22ನೇ ದಿನ ಇನ್ನೂ ಕಷ್ಟ ಅನ್ನಿಸಿದರೆ ನಿಮ್ಮಲ್ಲಿ ಕೊರತೆ ಇದೆ ಎಂದಲ್ಲ. ಅದಕ್ಕೆ ಇನ್ನೂ ಹೊತ್ತು ಬೇಕು, ಅಷ್ಟೇ.

ಇರುವ ಕೆಲಸಕ್ಕೆ ಹೊಸ ಕೆಲಸ ಕಟ್ಟುವುದು

ನಮ್ಮ ಕಡೆಯವರ ದಿನದಲ್ಲಿ ಸೂಚನೆಗಳಿಗೆ ಬರವಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಡೈರಿಗೆ ಹಾಲು ಹಾಕಲೇಬೇಕು. ಮಳೆ ಬರಲಿ, ಮದುವೆ ಇರಲಿ, ಹಸುವಿನ ಕೆಚ್ಚಲು ಕಾಯುವುದಿಲ್ಲ. ಇಂಥ ಗಟ್ಟಿ ಗೂಟ ಇರುವಾಗ ಹೊಸ ಅಭ್ಯಾಸವನ್ನು ಅದಕ್ಕೇ ಕಟ್ಟಬೇಕು.

"ನಾಳೆಯಿಂದ ವಾಕಿಂಗ್ ಮಾಡ್ತೀನಿ" ಅನ್ನುವುದಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ದೊಡ್ಡಮ್ಮನ ಜೊತೆ ಕೂತು ನಾವು ಮಾಡಿಕೊಂಡ ಮಾತು ಹೀಗಿತ್ತು: "ಸಂಜೆ ಡೈರೀಲಿ ಹಾಲು ಹಾಕಿದ್ಮೇಲೆ, ಕ್ಯಾನು ಅಂಗಡಿ ಹತ್ರ ಇಟ್ಟು, ಕೆರೆ ಏರಿ ತೂಬಿನ ತನಕ ಹೋಗಿ ಬರ್ತೀನಿ." ಯಾವುದರ ನಂತರ, ಎಲ್ಲಿಂದ, ಎಲ್ಲಿಯವರೆಗೆ ಎಲ್ಲವೂ ಅದರಲ್ಲಿದೆ. ಹೋಗಿ ಬರಲು ಹದಿನೆಂಟು ನಿಮಿಷ. ಖಾಲಿ ಕ್ಯಾನು ಅಂಗಡಿ ಹತ್ರ ಇಟ್ಟಿದ್ದೂ ಉಪಯೋಗಕ್ಕೆ ಬಂತು. ಅದನ್ನು ತರಲು ಹೇಗೂ ವಾಪಸ್ ಬರಬೇಕು, ಬರದಿದ್ದರೆ ಅಂಗಡಿಯವನೇ ಕೇಳುತ್ತಾನೆ.

ಬಂಗಾರಪೇಟೆ, ಮಾಲೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವವರಿಗೆ, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿಗೆ ಡೈರಿ ಇಲ್ಲ. ಆದರೆ ಸ್ಟೇಷನ್ ಇದೆ, ಬಸ್ ಸ್ಟಾಪ್ ಇದೆ, ಟಿಫನ್ ಡಬ್ಬಿ ಮುಚ್ಚುವ ಕ್ಷಣ ಇದೆ. ಶಿಫ್ಟ್ ವಾರಕ್ಕೊಮ್ಮೆ ಬದಲಾಗುವವರು ಗಡಿಯಾರಕ್ಕೆ ಕಟ್ಟದೆ ಇಂಥ ಕೆಲಸಕ್ಕೆ ಕಟ್ಟುವುದು ವಾಸಿ. "ಡಬ್ಬಿ ಮುಚ್ಚಿದ ಮೇಲೆ ಶೆಡ್ಡಿನ ಸುತ್ತ ಎರಡು ಸುತ್ತು" ಅನ್ನುವುದು ಹಗಲು ಪಾಳಿಗೂ ಆಗುತ್ತದೆ, ರಾತ್ರಿ ಪಾಳಿಗೂ ಆಗುತ್ತದೆ.

ಶುರು ಮಾಡುವ ಕೆಲಸ ಸಣ್ಣದಿರಲಿ. ತೀರಾ ಸುಸ್ತಾದ ದಿನವೂ ಆಗುವಷ್ಟು ಸಣ್ಣದು. ಒಂದು ಕೂತ ಮೇಲೆ ಇನ್ನೊಂದು.

ಊಟವಾದ ಮೇಲಿನ ಹತ್ತು ನಿಮಿಷ

ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಮಂಡಿಗೆ ಮತ್ತೆ ಬರೋಣ. ಅದಕ್ಕೆ ಹಿಂದೊಂದು ಗೇಟಿದೆ. ಸ್ನಾಯು ಕುಗ್ಗಿ ಹಿಗ್ಗುವಾಗ, ಅಂದರೆ ನಡೆಯುವಾಗ, ಮೆಟ್ಟಿಲು ಹತ್ತುವಾಗ, ಇನ್ಸುಲಿನ್‌ನ ನೆರವಿಲ್ಲದೆಯೇ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಗೇಟು ಬಿಗಿಯಾದವರಲ್ಲೂ ಈ ಹಿಂದಿನ ಗೇಟು ಚೆನ್ನಾಗಿ ಕೆಲಸ ಮಾಡುತ್ತದೆ. ಊಟ ಮಾಡಿ ಸುಮಾರು ಒಂದು, ಒಂದೂವರೆ ಗಂಟೆಗೆ ರಕ್ತದ ಸಕ್ಕರೆ ತುದಿ ಮುಟ್ಟುತ್ತದೆ. ಅಷ್ಟರೊಳಗೆ ಹತ್ತು ಹದಿನೈದು ನಿಮಿಷ ನಡೆದರೆ ಆ ತುದಿಯೇ ತಗ್ಗುತ್ತದೆ. ರಾತ್ರಿ ಊಟದ ನಂತರ ಇದು ಹೆಚ್ಚು ಬೇಕು. ನಮ್ಮಲ್ಲಿ ದಿನದ ದೊಡ್ಡ ಊಟ ಬಹಳ ಮನೆಗಳಲ್ಲಿ ರಾತ್ರಿಯದ್ದೇ, ಅದಾದ ಕೂಡಲೇ ಚಾಪೆ ಹಾಸುವುದು ರೂಢಿ. ತಟ್ಟೆ ತೊಳೆದಿಟ್ಟ ಮೇಲೆ ಬೀದಿ ಕೊನೆಯ ಗುಡಿಯವರೆಗೆ ಹೋಗಿಬಂದರೂ ಸಾಕು. ಓಡಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚುರುಕಿನ ಚಟುವಟಿಕೆ ಬೇಕೆನ್ನುತ್ತದೆ. ಮಾತಾಡಬಹುದು, ಹಾಡಲಾಗುವುದಿಲ್ಲ, ಅಷ್ಟು ಚುರುಕು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಯಮವನ್ನು 2020ರಲ್ಲಿ ತೆಗೆದುಹಾಕಿದೆ. ಐದೈದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಫೋನು ಕೇಳುವ ದಿನಕ್ಕೆ 10,000 ಹೆಜ್ಜೆಯ ಲೆಕ್ಕ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಯಲ್ಲೇ ಬಹುಪಾಲು ಲಾಭ ಸಿಗುತ್ತದೆ ಎಂದು ಈಚಿನ ಅಧ್ಯಯನಗಳು ತೋರಿಸಿವೆ.

"ಹೊಲದಲ್ಲಿ ದುಡಿಯೋರಿಗೆ ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ದಿನವಿಡೀ ಗುದ್ದಲಿ ಹಿಡಿದರೆ ನಡಿಗೆ ಬೇರೆ ಬೇಕಿಲ್ಲ, ನಿಜ. ಆದರೆ ಹೊಲದ ಕೆಲಸವೇ ಬದಲಾಗಿದೆ. ಉಳುವುದು ಟ್ರ್ಯಾಕ್ಟರ್, ನೀರು ಬಿಡುವುದು ಡ್ರಿಪ್, ಹೊಲಕ್ಕೆ ಹೋಗುವುದು ಬೈಕು. ಊಟದ ಅಳತೆ ಮಾತ್ರ ಎತ್ತು ಹೂಡುತ್ತಿದ್ದ ಕಾಲದ್ದೇ ಉಳಿದಿದೆ.

ಇನ್ನೊಂದು ವಿಷಯ. ನಡುವಯಸ್ಸಿನಿಂದ ಸ್ನಾಯು ವರ್ಷ ವರ್ಷ ಕರಗುತ್ತದೆ, ಅಂದರೆ ಮಂಡಿಯೇ ಚಿಕ್ಕದಾಗುತ್ತದೆ. ಅದನ್ನು ಉಳಿಸಲು ವಾರಕ್ಕೆ ಎರಡು ದಿನವಾದರೂ ಬಲದ ಕೆಲಸ ಬೇಕು. ಟೀಗೆ ನೀರು ಕಾಯುವಷ್ಟರಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಬಹುದು. ಮೊಣಕಾಲು ನೋವು ಇರುವವರು ಎತ್ತರದ ಕುರ್ಚಿ ಹಿಡಿಯಲಿ.

"ಮುದ್ದೆ ತಿಂದರೆ ಶುಗರ್ ಬರಲ್ಲ ಅಲ್ವಾ?"

ಇದು ನಮ್ಮ ಜಿಲ್ಲೆಯ ಪ್ರಶ್ನೆ, ನಿಧಾನವಾಗಿ ಉತ್ತರ ಹೇಳಬೇಕಾದ ಪ್ರಶ್ನೆ.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು, ಧಾನ್ಯಗಳಲ್ಲೇ ಇಷ್ಟು ಬೇರೆಯದರಲ್ಲಿ ಸಿಗುವುದು ಅಪರೂಪ. ಮೂಳೆಗೆ, ಹೊಟ್ಟೆಗೆ ಒಳ್ಳೆಯದು. ಆದರೆ ಅದೇ 100 ಗ್ರಾಂನಲ್ಲಿ ಪಿಷ್ಟ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ಅಂದರೆ ಮುದ್ದೆಯೂ ಗ್ಲೂಕೋಸ್ ಆಗುವ ಊಟವೇ. ಎರಡು ದೊಡ್ಡ ಮುದ್ದೆ, ಅದರ ಮೇಲೆ ಅನ್ನ, ಜೊತೆಗೆ ನೀರು ಸಾರು ಎಂದರೆ ಮಂಡಿಗೆ ಗಾಡಿ ಹೆಚ್ಚೇ ಆಯಿತು. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಮುದ್ದೆಗಿಂತ ಬೇಗ ರಕ್ತಕ್ಕೆ ಸೇರುತ್ತದೆ. "ರಾಗಿ ಅಲ್ವಾ" ಎಂದು ಶುಗರ್ ಇರುವವರು ದೊಡ್ಡ ಲೋಟ ಗಂಜಿ ಕುಡಿಯುವುದು ಅದಕ್ಕೇ ಸರಿಯಲ್ಲ.

ಮುದ್ದೆ ಬಿಡಬೇಕಿಲ್ಲ. ಒಂದು ಮುದ್ದೆ ಚಿಕ್ಕದು ಮಾಡಿ, ಸಾರು ಗಟ್ಟಿ ಮಾಡಿ. ಹುರುಳಿಕಾಳು, ಅವರೆಕಾಳು, ಅಲಸಂದೆ, ಸೊಪ್ಪಿನ ಬಸ್ಸಾರಿನ ಪಲ್ಯ, ಮಸ್ಸೊಪ್ಪು ಇವೆಲ್ಲ ನಮ್ಮ ಅಡುಗೆಯವೇ. ಕಾಳಿನ ಪ್ರೋಟೀನು, ಸೊಪ್ಪಿನ ನಾರು ಹೊಟ್ಟೆಯಲ್ಲಿ ಊಟವನ್ನು ನಿಧಾನವಾಗಿ ಬಿಡುತ್ತವೆ. ಗಾಡಿಗಳು ಒಟ್ಟಿಗೆ ನುಗ್ಗದೆ ಬಿಡಿ ಬಿಡಿಯಾಗಿ ಬರುತ್ತವೆ. ಪಲ್ಯ ಮೊದಲು ತಿಂದು ಆಮೇಲೆ ಮುದ್ದೆ ಮುರಿದರೆ ಇನ್ನೂ ಒಳ್ಳೆಯದು. ದೊಡ್ಡಮ್ಮ ಮಾಡಿದ ಬದಲಾವಣೆ ಒಂದೇ: ಹಿಟ್ಟು ಅಳೆಯುತ್ತಿದ್ದ ಪಾವನ್ನು ಡಬ್ಬಿಯಿಂದ ತೆಗೆದು ಅರ್ಧಪಾವು ಹಾಕಿದಳು. ದಿನಾ ಮನಸ್ಸನ್ನು ತಡೆಯುವ ಕೆಲಸ ಆ ಅಳತೆಗೇ ಬಿತ್ತು.

ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರಬೇಕು

ಉಪ್ಪು ನೀರನ್ನು ಹಿಡಿದಿಡುತ್ತದೆ. ರಕ್ತದಲ್ಲಿ ನೀರು ಹೆಚ್ಚಾದರೆ ಅದೇ ಪೈಪಿನಲ್ಲಿ ಒತ್ತಡವೂ ಹೆಚ್ಚು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಮಟ್ಟವಾದ ಒಂದು ಟೀ ಚಮಚ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಿನಾ ಅಳೆಯಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಪ್ಯಾಕೆಟ್ ಲೆಕ್ಕ ಸುಲಭ: ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪು ಬೇರೆ ಇರುವುದರಿಂದ ಇನ್ನೂ ಹೆಚ್ಚು ದಿನ ಬರಬೇಕು. ಒಡೆದ ದಿನ ಪ್ಯಾಕೆಟ್ ಮೇಲೆ ತಾರೀಕು ಬರೆದಿಡಿ. ನಮ್ಮನೆಯಲ್ಲಿ ಮೊದಲ ಸಲ 31 ದಿನಕ್ಕೆ ಖಾಲಿಯಾಗಿತ್ತು. ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಉಪ್ಸಾರಿನ ಖಾರಕ್ಕೆ ಹುಣಸೆ, ಬೆಳ್ಳುಳ್ಳಿ ಒಂದಿಷ್ಟು ಮುಂದೆ ಮಾಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನಿದ್ದೆ, ನೀರು, ಎಲೆ-ಅಡಿಕೆ

ಏಳು ಗಂಟೆಗಿಂತ ಕಮ್ಮಿ ನಿದ್ದೆ ವರ್ಷಗಟ್ಟಲೆ ನಡೆದರೆ ಬಿಪಿ, ಶುಗರ್ ಎರಡಕ್ಕೂ ಕೆಟ್ಟದು. ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ. ನಾಲ್ಕೂವರೆಗೆ ಏಳಬೇಕಾದವರು ಒಂಬತ್ತೂವರೆಗೆ ಮಲಗಲೇಬೇಕು. ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕುವುದು ಇದಕ್ಕೆ ಒಳ್ಳೆಯ ಗೂಟ.

ನೀರಿನ ವಿಚಾರ ನಮ್ಮ ಜಿಲ್ಲೆಗಳಲ್ಲಿ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಬಹಳ ಕಡೆ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, 1.5 ದಾಟಬಾರದು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದನ್ನೇ ಬಳಸುವುದು ಮೇಲು.

ಹೊಗೆಸೊಪ್ಪು ಬಿಟ್ಟರೆ ಬರಿ ಅಡಿಕೆಯಿಂದ ಏನೂ ಆಗದು ಎಂಬ ನಂಬಿಕೆ ಇದೆ. ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಊಟದ ನಂತರ ಬಾಯಿ ಬಯಸುವವರಿಗೆ ಸೋಂಪು, ಲವಂಗ ಇದೆ.

ಮಾತ್ರೆ, ತಪ್ಪಿದ ದಿನ, ಮುಂದಿನ ಪರೀಕ್ಷೆ

ಡಾಕ್ಟರ್ ಮಾತ್ರೆ ಬರೆದಿದ್ದರೆ ಈ ಅಭ್ಯಾಸಗಳು ಅದರ ಬದಲಿಗಲ್ಲ, ಅದರ ಜೊತೆಗೆ. ಅಂಕಿ ಸರಿಯಾಯಿತೆಂದು ನೀವೇ ನಿಲ್ಲಿಸಬೇಡಿ, ಅಂಕಿ ಸರಿಯಾಗಿದ್ದು ಮಾತ್ರೆಯಿಂದಲೂ ಇರಬಹುದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಮ್ಮಿ ಮಾಡುವ ಮೊದಲು, ಉಪವಾಸ ಇರುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಬೆವರು, ಕೈನಡುಕ, ತಲೆಸುತ್ತು ಬಂದರೆ ಸಕ್ಕರೆ ತೀರಾ ಇಳಿದಿರಬಹುದು, ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಬಿಪಿ 180–120 ದಾಟಿ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು ಕಂಡರೆ ಅಭ್ಯಾಸದ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ.

ಜಾತ್ರೆ, ಹಬ್ಬ, ತಿಥಿ, ಜ್ವರ, ಇವೆಲ್ಲ ಬರುತ್ತವೆ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಅಡ್ಡಿಯಾಗಲಿಲ್ಲ ಅನ್ನುವುದೂ ಆ ಲಂಡನ್ ಅಧ್ಯಯನದಲ್ಲೇ ಕಂಡದ್ದು.

ಫಲ ನೋಡಲು ಮೂರು ತಿಂಗಳು ಕಾಯಿರಿ. 'ಎಚ್‌ಬಿಎ1ಸಿ' ಎಂಬ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯೇ ಅದರ ಲೆಕ್ಕ. 5.7ರ ಒಳಗೆ ಸರಿ, 6.4ರವರೆಗೆ ಬಾರ್ಡರ್, 6.5ರಿಂದ ಸಕ್ಕರೆ ಕಾಯಿಲೆ. ಹಿಂದಿನ ದಿನ ಒಂದು ಹೊತ್ತು ಬಿಟ್ಟರೆ ಇದರ ಅಂಕಿ ಇಳಿಯುವುದಿಲ್ಲ. ಬಿಪಿ ಅಳೆಸುವಾಗ ಐದು ನಿಮಿಷ ಬೆನ್ನು ಒರಗಿಸಿ ಕೂತು, ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಮುಟ್ಟದೆ ಇರಿ.

ದೊಡ್ಡಮ್ಮ ಗುರುತು ಹಾಕಲು ಬೇರೆ ಪುಸ್ತಕ ಕೊಳ್ಳಲಿಲ್ಲ. ಡೈರಿಯ ಹಾಲಿನ ಪುಸ್ತಕದಲ್ಲಿ ಸಂಜೆಯ ಲೀಟರ್ ಬರೆಯುವ ಸಾಲಿನ ಅಂಚಿಗೆ, ಏರಿ ಮೇಲೆ ಹೋಗಿಬಂದ ದಿನ ಒಂದು ಚುಕ್ಕೆ ಇಟ್ಟಳು. ಮೂರನೇ ತಿಂಗಳ ಕೊನೆಗೆ ಎಣಿಸಿದಾಗ 91 ದಿನದಲ್ಲಿ 73 ಚುಕ್ಕೆ ಇದ್ದವು. ಸಂಕ್ರಾಂತಿಯ ವಾರ ಪೂರ್ತಿ ಖಾಲಿ. ಖಾಲಿ ಹೊಟ್ಟೆಯ ಶುಗರ್ 103, ಬಿಪಿ 128–82. "ಇನ್ನೂ ಬಾರ್ಡರೇ ಅಲ್ವಾ?" ಅಂದಳು. ಬಾರ್ಡರೇ, ಆದರೆ ಈ ಕಡೆಗೆ ಹತ್ತಿರ ಎಂದೆ. ಆರು ತಿಂಗಳು ಬಿಟ್ಟು ಮತ್ತೆ ಬರಲು ಡಾಕ್ಟರ್ ಚೀಟಿಯಲ್ಲಿ ತಾರೀಕು ಬರೆದುಕೊಟ್ಟರು. ಚೀಟಿ ಈಗ ಹಾಲಿನ ಪುಸ್ತಕದೊಳಗೇ ಇದೆ.